ಕೃತ್ತಿಕೆಯ ಕಾರನ್ನು ಬಿಚ್ಚಿದವರು

ಕಾರ್ತಿಕ ಮಾಸದ ರಾತ್ರಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಪುಟ್ಟ ಗೊಂಚಲಿನಂಥ ನಕ್ಷತ್ರಗಳು ಕಾಣುತ್ತವೆ. ನಮಗದು ಕೃತ್ತಿಕೆ. ಪುರಾಣದಲ್ಲಿ ಷಣ್ಮುಖನಿಗೆ ಹಾಲೂಡಿಸಿದ ಆರು ತಾಯಂದಿರು, ರೈತರ ಲೆಕ್ಕದಲ್ಲಿ ಭರಣಿಗೂ ರೋಹಿಣಿಗೂ ನಡುವಿನ ಮಳೆ. ಜಪಾನೀಯರು ಇದೇ ಗೊಂಚಲನ್ನು ‘ಸುಬಾರು’ ಎನ್ನುತ್ತಾರೆ. ‘ಒಂದಾಗಿ ಸೇರು’ ಎಂಬ ಅರ್ಥದ ಹಳೆಯ ಕ್ರಿಯಾಪದದಿಂದ ಬಂದ ಹೆಸರದು. ಆ ಹೆಸರಿನ ಕಾರಿನ ಮೂತಿಯ ಮೇಲಿರುವ ನೀಲಿ ಬಿಲ್ಲೆಯಲ್ಲೂ ಆರೇ ನಕ್ಷತ್ರಗಳಿವೆ. ಒಂದು ದೊಡ್ಡದು, ಐದು ಸಣ್ಣವು. 1953ರಲ್ಲಿ ಐದು ಕಂಪನಿಗಳು ಕೂಡಿ ಫ್ಯೂಜಿ ಹೆವಿ ಇಂಡಸ್ಟ್ರೀಸ್ ಎಂಬ ಒಂದು ದೊಡ್ಡ ಕಂಪನಿಯಾದದ್ದರ ಗುರುತು ಅದು. ಅದರ ಮೊದಲ ಅಧ್ಯಕ್ಷ ಕೆಂಜಿ ಕಿಟಾ ತಮ್ಮ ಕಾರಿಗೆ ಈ ಹೆಸರನ್ನು ಆರಿಸಿದರು.

ಭಾರತದ ರಸ್ತೆಗಳಲ್ಲಿ ಸುಬಾರು ಕಾಣುವುದು ಅಪರೂಪ. ಆದರೆ ಅಮೆರಿಕದ ವಾಷಿಂಗ್ಟನ್, ಆರೆಗಾನ್, ವರ್ಮಾಂಟ್‌ನಂಥ ಮಳೆ–ಹಿಮದ ರಾಜ್ಯಗಳಲ್ಲಿ, ನ್ಯೂಜಿಲೆಂಡಿನಲ್ಲಿ, ಕೀನ್ಯಾದಲ್ಲಿ ಅದು ನಮ್ಮೂರಿನ ಮಾರುತಿಯಷ್ಟೇ ಪರಿಚಿತ. ಅಲ್ಲೆಲ್ಲ ಮೂವತ್ತು, ನಲವತ್ತು ವರ್ಷ ಹಳೆಯ ಸುಬಾರುಗಳನ್ನು ಮನೆಯಂಗಳದಲ್ಲೇ ಬಿಚ್ಚಿ, ಜೋಡಿಸಿ, ತಮಗೆ ಬೇಕಾದಂತೆ ಮಾರ್ಪಡಿಸಿ ಓಡಿಸುವವರಿದ್ದಾರೆ. ನಾನು ತಂತ್ರಜ್ಞಾನದ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿ, ಅದರಲ್ಲೂ ರಿಪೇರಿಯ ಇತಿಹಾಸ ನನ್ನ ವಿಷಯ. ಹಾಗಾಗಿ ಈ ಅಂಗಳದ ಮೆಕ್ಯಾನಿಕ್ಕುಗಳ ಬಗ್ಗೆ ಓದುತ್ತ ಹೋದೆ. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು. ಕಾರ್ಖಾನೆ ತಯಾರಿಸುತ್ತದೆ, ಬಳಸುವವನು ಕೆಡಿಸಿಕೊಂಡು ಸರಿಮಾಡುತ್ತಾನೆ ಎಂಬ ನಮ್ಮ ಸಾಮಾನ್ಯ ವಿಂಗಡಣೆ ಈ ಕಾರಿನ ಚರಿತ್ರೆಗೆ ಒಗ್ಗುವುದಿಲ್ಲ. ಸುಬಾರು ಸುಬಾರು ಆದದ್ದೇ ಇದ್ದುದನ್ನು ಬಿಚ್ಚಿ ಬೇರೆಯದಾಗಿ ಜೋಡಿಸಿದವರಿಂದ.

ಮೊದಲಿಂದ ನೋಡೋಣ. ಚಿಕುಹೇ ನಕಾಜಿಮಾ ಎಂಬ ನೌಕಾಪಡೆಯ ಎಂಜಿನಿಯರ್ 1917ರಲ್ಲಿ ಕೆಲಸ ಬಿಟ್ಟು ಗುನ್ಮಾ ಪ್ರಾಂತ್ಯದ ಓಟಾ ಎಂಬ ಊರಿನಲ್ಲಿ ವಿಮಾನ ಕಟ್ಟುವ ಪುಟ್ಟ ಕಾರ್ಯಾಗಾರ ಶುರುಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ನಕಾಜಿಮಾ ಏರ್‌ಕ್ರಾಫ್ಟ್ ಜಪಾನಿನ ಅತಿ ದೊಡ್ಡ ವಿಮಾನ ಕಂಪನಿಗಳಲ್ಲಿ ಒಂದಾಗಿತ್ತು. ಮಿತ್ಸುಬಿಷಿಯ ವಿನ್ಯಾಸವೆಂದು ಹೆಸರಾದ ‘ಜೀರೋ’ ಯುದ್ಧವಿಮಾನಕ್ಕೆ ಎಂಜಿನ್ ನಕಾಜಿಮಾದ್ದು. ಅಷ್ಟೇ ಅಲ್ಲ, ಆ ವಿಮಾನಗಳನ್ನು ಮಿತ್ಸುಬಿಷಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಕಟ್ಟಿದ್ದೂ ನಕಾಜಿಮಾನೇ. 1945ರಲ್ಲಿ ಜಪಾನ್ ಸೋತಿತು. ವಿಮಾನ ತಯಾರಿಕೆಯನ್ನು ಆಕ್ರಮಣ ಪಡೆಯ ಆಡಳಿತ ನಿಷೇಧಿಸಿತು. ಕಂಪನಿಯನ್ನು ತುಂಡು ತುಂಡಾಗಿ ಒಡೆಯಲಾಯಿತು.

ಕೈಯಲ್ಲಿ ಕಸುಬಿದೆ, ಗೋದಾಮಿನಲ್ಲಿ ಸಾಮಾನಿದೆ, ಮಾಡಬೇಕಾದ ವಸ್ತುವಿಗೇ ನಿಷೇಧ. ಆಗ ಆ ಕೆಲಸಗಾರರು ಸ್ಕೂಟರ್ ಮಾಡಿದರು. ಅಮೆರಿಕನ್ ಸೈನಿಕರು ತಂದಿದ್ದ ಸ್ಕೂಟರುಗಳನ್ನು ನೋಡಿ ಮಾಡಿದ್ದು. ಅದರ ಹೆಸರು ‘ರ‍್ಯಾಬಿಟ್’. ಮೊದಲ ಮಾದರಿಗೆ ಹಾಕಿದ ಚಕ್ರಗಳು ‘ಗಿಂಗಾ’ ಎಂಬ ಬಾಂಬರ್ ವಿಮಾನದ ಬಾಲದ ಕೆಳಗೆ ಬಳಸಲು ಇಟ್ಟಿದ್ದ ಗಾಲಿಗಳು. ಗುಜರಿಗೆ ಹೋಗಬೇಕಿದ್ದ ಯುದ್ಧಸಾಮಗ್ರಿ ಹೀಗೆ ಸೋತ ದೇಶದ ಸಂಸಾರಸ್ಥರನ್ನು ಹೊತ್ತು ಸಂತೆಗೆ ಹೋಯಿತು. ಇವತ್ತಿನ ಮನೆ ಮೆಕ್ಯಾನಿಕ್ ಒಂದು ಕಾರಿನ ಭಾಗ ತಂದು ಇನ್ನೊಂದಕ್ಕೆ ಕೂಡಿಸುವುದಕ್ಕೂ ಇದಕ್ಕೂ ಗುಣದಲ್ಲಿ ವ್ಯತ್ಯಾಸವೇನೂ ನನಗೆ ಕಾಣುವುದಿಲ್ಲ.

1958ರಲ್ಲಿ ಬಂದ ‘ಸುಬಾರು 360’ ಕೂಡ ವಿಮಾನದವರ ಕಾರೇ. ವಿನ್ಯಾಸದ ತಂಡದ ಮುಖ್ಯಸ್ಥ ಶಿನ್‌ರೋಕು ಮೊಮೊಸೆ ಹಿಂದೆ ವಿಮಾನ ಎಂಜಿನಿಯರ್ ಆಗಿದ್ದವರು. ಭಾರವೇ ಶತ್ರು ಎಂಬ ವಿಮಾನದ ಪಾಠವನ್ನು ಅವರು ಕಾರಿಗೆ ತಂದರು. ತೆಳು ತಗಡಿನ ದೇಹ, ಫೈಬರ್‌ಗ್ಲಾಸಿನ ಚಾವಣಿ, ಹಿಂದುಗಡೆ 356 ಸಿಸಿಯ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಇಡೀ ಕಾರಿನ ತೂಕ 385 ಕಿಲೋ. ಜಪಾನೀಯರು ಅದನ್ನು ಅಕ್ಕರೆಯಿಂದ ಗುಲಗಂಜಿ ಹುಳ ಎಂಬರ್ಥದ ‘ತೆಂತೊಮುಷಿ’ ಎಂದು ಕರೆದರು.

ಮನೆಯಲ್ಲಿ ರಿಪೇರಿ ಮಾಡುವವರ ದೃಷ್ಟಿಯಿಂದ ನೋಡಿದರೆ ನಿರ್ಣಾಯಕ ವರ್ಷ 1966. ಆ ವರ್ಷ ಬಂದ ‘ಸುಬಾರು 1000’ ಕಾರಿನಲ್ಲಿ ಕಂಪನಿ ಮೊದಲ ಬಾರಿಗೆ ಮಲಗಿದ ನಾಲ್ಕು ಸಿಲಿಂಡರಿನ ಎಂಜಿನ್ ಹಾಕಿತು. ಸಾಮಾನ್ಯ ಕಾರಿನಲ್ಲಿ ಸಿಲಿಂಡರುಗಳು ಸಾಲಾಗಿ ನೆಟ್ಟಗೆ ನಿಂತಿರುತ್ತವೆ. ಇಲ್ಲಿ ಎಡಕ್ಕೆರಡು, ಬಲಕ್ಕೆರಡು ಅಡ್ಡ ಮಲಗಿರುತ್ತವೆ. ಎದುರುಬದುರಿನ ಪಿಸ್ಟನ್‌ಗಳು ಒಮ್ಮೆಲೇ ಹೊರಕ್ಕೆ, ಒಮ್ಮೆಲೇ ಒಳಕ್ಕೆ ಹೋಗುತ್ತವೆ. ಇಬ್ಬರು ಮುಷ್ಟಿಕಾಳಗದವರು ಗುದ್ದಾಡಿದಂತೆ. ಅದಕ್ಕೇ ಇದನ್ನು ಬಾಕ್ಸರ್ ಎಂಜಿನ್ ಎನ್ನುವುದು. ಒಂದರ ಅದುರು ಇನ್ನೊಂದನ್ನು ಕಳೆಯುವುದರಿಂದ ನಡುಕ ಕಡಿಮೆ, ತೂಕ ನೆಲಕ್ಕೆ ಹತ್ತಿರ. ಇದು ಸುಬಾರುವಿನವರ ಆವಿಷ್ಕಾರವಲ್ಲ, ಕಾರ್ಲ್ ಬೆಂಜ್ ಕಾಲದಿಂದ ಇದ್ದ ಕಲ್ಪನೆ. ಆದರೆ ಇವರು ಅದನ್ನು ಹಿಡಿದುಕೊಂಡು ಇವತ್ತಿಗೂ ಬಿಟ್ಟಿಲ್ಲ.

ಈ ಮಲಗಿದ ಎಂಜಿನ್ನಿನಿಂದ ಒಂದು ಅನಿರೀಕ್ಷಿತ ಅನುಕೂಲವಾಯಿತು. ಎಂಜಿನ್ ಗಿಡ್ಡ ಇದ್ದುದರಿಂದ ಬಾನೆಟ್ ಕೆಳಗೆ ಜಾಗ ಉಳಿಯಿತು. ಎಪ್ಪತ್ತು–ಎಂಬತ್ತರ ದಶಕದ ಸುಬಾರುಗಳಲ್ಲಿ ಸ್ಟೆಪ್ನಿಯನ್ನು ಎಂಜಿನ್ ಮೇಲೆಯೇ ಇಡುತ್ತಿದ್ದರು. ಸ್ಟೆಪ್ನಿ ಎತ್ತಿ ಪಕ್ಕಕ್ಕಿಟ್ಟರೆ ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್ ಎಲ್ಲ ಅಂಗೈಯಲ್ಲಿದ್ದಂತೆ. ಆ ಕಾಲದ ಇಎ-81 ಎಂಬ 1.8 ಲೀಟರ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟೇ ಇಲ್ಲ. ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಗೇರು. ಹರಿಯುವುದಕ್ಕೆ ಏನೂ ಇಲ್ಲದಿದ್ದರೆ ಅರ್ಧ ಕೆಲಸವೇ ಉಳಿಯಿತು. ಸಾಧಾರಣ ಪಾನಾ ಸೆಟ್ಟು, ಒಂದು ಜಾಕು ಇದ್ದವರಿಗೂ ಧೈರ್ಯ ಬರುವಂಥ ಯಂತ್ರವಿದು.

ಸುಬಾರು ಎಂದರೆ ಜನ ನೆನೆಯುವುದು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಕಾರನ್ನು. ಅದರ ಮೂಲ ಇನ್ನೂ ಸ್ವಾರಸ್ಯದ್ದು. ಉತ್ತರ ಜಪಾನಿನ ತೊಹೊಕು ವಿದ್ಯುತ್ ಕಂಪನಿಯ ಲೈನ್‌ಮನ್‌ಗಳು ಹಿಮದ ಬೆಟ್ಟಗಳಲ್ಲಿ ತಂತಿ ತಪಾಸಣೆಗೆ ಜೀಪುಗಳಲ್ಲಿ ಹೋಗುತ್ತಿದ್ದರು. ಜೀಪಿನೊಳಗೆ ಚಳಿ, ಕುಲುಕಾಟ. ಬೆಚ್ಚಗಿನ ವ್ಯಾನಿಗೆ ನಾಲ್ಕು ಚಕ್ರದ ಶಕ್ತಿ ಕೊಡಲಾಗುತ್ತದೆಯೇ ಎಂದು ಅವರು ಕೇಳಿದರು. ಕೇಳಿದ್ದು ಮಿಯಾಗಿ ಪ್ರಾಂತ್ಯದ ಸುಬಾರು ಮಾರಾಟಗಾರರನ್ನು, ಕಾರ್ಖಾನೆಯನ್ನಲ್ಲ. ಆ ಮಾರಾಟ ಮಳಿಗೆಯ ಮೆಕ್ಯಾನಿಕ್ಕುಗಳು ಮುಂದಿನ ಚಕ್ರದಿಂದ ಓಡುವ ತಮ್ಮ ವ್ಯಾನಿನ ಹಿಂದಕ್ಕೆ, ಪ್ರತಿಸ್ಪರ್ಧಿ ನಿಸ್ಸಾನ್ ಕಂಪನಿಯ ಬ್ಲೂಬರ್ಡ್ ಕಾರಿನ ಹಿಂಬದಿಯ ಡಿಫರೆನ್ಷಿಯಲ್ ತಂದು ಕೂಡಿಸಿದರು. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಒಂದು ಶಾಫ್ಟು ಎಳೆದರು. ವ್ಯಾನು ಹಿಮದಲ್ಲಿ ಹತ್ತಿತು. ಆಮೇಲೆ ಕಾರ್ಖಾನೆ ಆ ಕೆಲಸವನ್ನು ಕೈಗೆತ್ತಿಕೊಂಡಿತು. 1971ರ ಟೋಕಿಯೋ ಮೋಟಾರ್ ಪ್ರದರ್ಶನದಲ್ಲಿ ಮಾದರಿ ಇಟ್ಟಿತು, 1972ರಲ್ಲಿ ‘ಲಿಯೋನ್’ ಹೆಸರಿನ ನಾಲ್ಕು ಚಕ್ರ ಶಕ್ತಿಯ ವ್ಯಾನನ್ನು ಮಾರಾಟಕ್ಕೆ ತಂದಿತು.

ಜಾಹೀರಾತುಗಳಲ್ಲಿ ಇದು ಕಂಪನಿಯ ದೂರದೃಷ್ಟಿಯಾಗಿ ಕಾಣುತ್ತದೆ. ನಡೆದದ್ದು ಇಷ್ಟು: ಬಳಸುವವರಿಗೆ ಒಂದು ತೊಂದರೆಯಿತ್ತು, ರಿಪೇರಿಯವರ ಕೈಯಲ್ಲಿ ಬೇರೆ ಕಾರಿನ ಬಿಡಿಭಾಗವಿತ್ತು. ಒಂದು ಕಂಪನಿಯ ಕಾರಿಗೆ ಇನ್ನೊಂದು ಕಂಪನಿಯ ಡಿಫರೆನ್ಷಿಯಲ್ ಹಾಕುವುದನ್ನು ಇವತ್ತು ಯಾರಾದರೂ ಮನೆಯಂಗಳದಲ್ಲಿ ಮಾಡಿದರೆ ಅದಕ್ಕೆ ‘ಮಾಡಿಫಿಕೇಷನ್’ ಎಂದು ಹೆಸರು. ಕೆಲವು ದೇಶಗಳಲ್ಲಿ ದಂಡವೂ ಬೀಳುತ್ತದೆ.

ಅಮೆರಿಕಕ್ಕೆ ಸುಬಾರು ಕಾಲಿಟ್ಟದ್ದು 1968ರಲ್ಲಿ, ಮಾಲ್ಕಮ್ ಬ್ರಿಕ್ಲಿನ್ ಮತ್ತು ಹಾರ್ವಿ ಲ್ಯಾಮ್ ಎಂಬಿಬ್ಬರು ವ್ಯಾಪಾರಿಗಳ ಮೂಲಕ. ತಂದದ್ದು ಆ ಗುಲಗಂಜಿ ಹುಳವನ್ನೇ. ಬೆಲೆ 1,297 ಡಾಲರ್. ಸಾವಿರ ಪೌಂಡಿಗಿಂತ ಹಗುರವಾದ್ದರಿಂದ ಆಗಿನ ಸುರಕ್ಷತಾ ನಿಯಮಗಳೇ ಅದಕ್ಕೆ ಅನ್ವಯಿಸುತ್ತಿರಲಿಲ್ಲ. 1969ರಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಅದನ್ನು ಸ್ವೀಕಾರಕ್ಕೆ ಅನರ್ಹ ಎಂದು ಘೋಷಿಸಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಉಳಿಸಿದ್ದು ಹಿಮ. ಎಪ್ಪತ್ತರ ದಶಕದಲ್ಲಿ ಲಿಯೋನ್ ಜಾತಿಯ ನಾಲ್ಕು ಚಕ್ರ ಶಕ್ತಿಯ ಕಾರುಗಳು ಬಂದಾಗ, ಟ್ರಕ್ಕು ಕೊಳ್ಳಲಾಗದ, ಆದರೆ ಕೆಸರಿನ ದಾರಿಯ ಕೊನೆಯಲ್ಲಿ ಮನೆಯಿದ್ದ ಜನ ಅವನ್ನು ಕೊಂಡರು. ಶಾಲಾ ಮಾಸ್ತರರು, ನರ್ಸುಗಳು, ಸಣ್ಣ ಹಿಡುವಳಿದಾರರು.

ಇದೇ ಕಾಲದ ‘ಬ್ರ್ಯಾಟ್’ ಎಂಬ ಪುಟ್ಟ ಪಿಕಪ್ಪನ್ನು ಹೇಳದಿದ್ದರೆ ಆಗದು. ಅರುವತ್ತರ ದಶಕದಲ್ಲಿ ಯುರೋಪು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಏರಿಸಿತು. ಸೇಡಿಗೆ ಅಮೆರಿಕ ಆಮದಾಗುವ ಹಗುರ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹಾಕಿತು. ಜನ ಅದನ್ನು ‘ಕೋಳಿ ತೆರಿಗೆ’ ಎಂದೇ ಕರೆದರು. ಟ್ರಕ್ಕಿಗೆ ಇಷ್ಟು, ಪ್ರಯಾಣಿಕರ ಕಾರಿಗೆ ಕೆಲವೇ ಪರ್ಸೆಂಟು. ಹಾಗಾಗಿ ಸುಬಾರು 1978ರಲ್ಲಿ ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ ಹಿಮ್ಮುಖವಾಗಿ ಎರಡು ಪ್ಲಾಸ್ಟಿಕ್ ಸೀಟು ಕೂಡಿಸಿ, ಇದು ಪ್ರಯಾಣಿಕರ ಕಾರು ಎಂದಿತು. ಕೊಂಡವರಲ್ಲಿ ಎಷ್ಟೋ ಮಂದಿ ಸೀಟು ಕಿತ್ತು ಮೂಲೆಗಿಟ್ಟು ಹುಲ್ಲಿನ ಹೊರೆ ತುಂಬಿದರು. ಕಂಪನಿ ಸುಂಕಕ್ಕಾಗಿ ಮಾರ್ಪಡಿಸಿದ್ದನ್ನು ಬಳಸುವವರು ತಮ್ಮ ಕೆಲಸಕ್ಕಾಗಿ ಮರಳಿ ಮಾರ್ಪಡಿಸಿದರು. ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಕೂಡ ತಮ್ಮ ತೋಟದಲ್ಲಿ ಇಂಥದೊಂದನ್ನು ಇಟ್ಟುಕೊಂಡಿದ್ದರು.

ಮನೆಯಲ್ಲೇ ರಿಪೇರಿ ಏಕೆ? ಅಮೆರಿಕದಲ್ಲಿ ಮೆಕ್ಯಾನಿಕ್ಕಿನ ಗಂಟೆಯ ಕೂಲಿ ದುಬಾರಿ. ಹಳೆಯ ಕಾರಿನ ಬೆಲೆಗಿಂತ ಒಂದು ದೊಡ್ಡ ರಿಪೇರಿಯ ಬಿಲ್ಲೇ ಹೆಚ್ಚಾಗುವುದುಂಟು. ಉಪನಗರದ ಮನೆಗೆ ಗ್ಯಾರೇಜು, ಮುಂದೆ ಕಾಂಕ್ರೀಟಿನ ಅಂಗಳ ಇರುತ್ತದೆ. ಇದು ಎಲ್ಲರಿಗೂ ಇರುವ ಭಾಗ್ಯವಲ್ಲ ಎಂಬುದನ್ನೂ ನೆನಪಿಡಬೇಕು. ಬಾಡಿಗೆ ಅಪಾರ್ಟ್‌ಮೆಂಟಿನವನು ಎಂಜಿನ್ ಇಳಿಸುವುದೆಲ್ಲಿ? ಇವೆರಡರ ಜೊತೆಗೆ ಮೂರನೆಯದು ಪುಸ್ತಕ. ಜಾನ್ ಮ್ಯೂರ್ ಎಂಬ ಎಂಜಿನಿಯರ್ 1969ರಲ್ಲಿ ಫೋಕ್ಸ್‌ವ್ಯಾಗನ್ ಕಾರನ್ನು ಬದುಕಿಸಿಟ್ಟುಕೊಳ್ಳುವ ಬಗ್ಗೆ ತಮಾಷೆಯ ಚಿತ್ರಗಳಿರುವ ಕೈಪಿಡಿ ಬರೆದರು. ಏನೂ ಗೊತ್ತಿಲ್ಲದವರಿಗೆಂದೇ ಬರೆದದ್ದು. ಇಂಗ್ಲೆಂಡಿನಲ್ಲಿ ಜಾನ್ ಹೇನ್ಸ್ ಶುರುಮಾಡಿದ ಕೈಪಿಡಿಗಳ ಮಾಲಿಕೆಯದು ಬೇರೆಯೇ ಶಿಸ್ತು. ಬರೆಯುವ ಮೊದಲು ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕು, ಜೋಡಿಸುತ್ತ ಫೋಟೋ ತೆಗೆಯಬೇಕು.

ಸಂಶೋಧನೆಗಾಗಿ ಹಳೆಯ ಸುಬಾರುವಿನ ಇಂಥದೊಂದು ಕೈಪಿಡಿಯನ್ನು ನಾನು ಸೆಕೆಂಡ್‌ಹ್ಯಾಂಡಿನಲ್ಲಿ ತರಿಸಿಕೊಂಡೆ. ಬ್ರೇಕಿನ ಅಧ್ಯಾಯದ ಪುಟಗಳು ಹೊಸದರಂತಿವೆ. ಕೂಲಿಂಗ್ ಮತ್ತು ಎಂಜಿನ್ ಅಧ್ಯಾಯಗಳ ಅಂಚು ಮಾತ್ರ ಗ್ರೀಸಿನಿಂದ ಕಪ್ಪಾಗಿದೆ. ಒಂದು ಚಿತ್ರದಲ್ಲಿ ಒಂದೇ ಒಂದು ಬೋಲ್ಟಿಗೆ ಪೆನ್ಸಿಲಿನಲ್ಲಿ ಮೂರು ಸುತ್ತು ಗೆರೆ. ಕೊನೆಯ ಖಾಲಿ ಹಾಳೆಯಲ್ಲಿ ತಾರೀಖು, ಮೈಲಿ, ಬದಲಿಸಿದ ಎಣ್ಣೆಯ ಲೆಕ್ಕ. ಬರಹ ಎರಡು ಕೈಯದು. ಅಂದರೆ ಕಾರಿನ ಜೊತೆ ಪುಸ್ತಕವೂ ಒಬ್ಬರಿಂದ ಇನ್ನೊಬ್ಬರಿಗೆ ಹೋಗಿದೆ. ನಮ್ಮ ತಾಳೆಗರಿಯ ವಿದ್ವಾಂಸರು ಪ್ರತಿಕಾರನ ಕೈಬರಹ, ಅಂಚಿನ ಟಿಪ್ಪಣಿ ನೋಡಿ ಕಾವ್ಯ ಹೇಗೆ ಓದಲ್ಪಟ್ಟಿತು ಎಂದು ಊಹಿಸುತ್ತಾರಲ್ಲ, ಹಾಗೆ ಈ ಗ್ರೀಸಿನ ಕಲೆಯಿಂದ ಯಂತ್ರ ಎಲ್ಲಿ ನೋಯುತ್ತಿತ್ತು ಎಂದು ಓದಬಹುದು.

ಆ ನೋವಿನ ಜಾಗಕ್ಕೇ ಬರೋಣ. 1989ರಲ್ಲಿ ಸುಬಾರು ‘ಲೆಗಸಿ’ ಎಂಬ ಕಾರಿನೊಂದಿಗೆ ಇಜೆ ಎಂಬ ಹೊಸ ಬಾಕ್ಸರ್ ಎಂಜಿನ್ ವಂಶವನ್ನು ತಂದಿತು. ಆ ವರ್ಷದ ಜನವರಿಯಲ್ಲಿ ಅರಿಜೋನಾದ ಟ್ರ್ಯಾಕಿನಲ್ಲಿ ಲೆಗಸಿ ಕಾರು ಹಗಲೂ ರಾತ್ರಿ ಓಡಿ, 1,00,000 ಕಿಲೋಮೀಟರನ್ನು ಗಂಟೆಗೆ ಸರಾಸರಿ 223 ಕಿಲೋಮೀಟರ್ ವೇಗದಲ್ಲಿ ಮುಗಿಸಿ ದಾಖಲೆ ಮಾಡಿತು. ಈ ವಂಶದ 2.2 ಲೀಟರಿನ ಇಜೆ-22 ಗಟ್ಟಿತನಕ್ಕೆ ಹೆಸರಾಯಿತು. 1996ರವರೆಗಿನ ಇಜೆ-22ರಲ್ಲಿ ಟೈಮಿಂಗ್ ಬೆಲ್ಟ್ ಹರಿದರೂ ಪಿಸ್ಟನ್ನು ವಾಲ್ವಿಗೆ ಬಡಿಯುತ್ತಿರಲಿಲ್ಲ. ಹೊಸ ಬೆಲ್ಟ್ ಹಾಕಿ ಹೊರಟರಾಯಿತು. ಅದರ ತಮ್ಮ 2.5 ಲೀಟರಿನ ಇಜೆ-25 ಮಾತ್ರ ಹೆಡ್ ಗ್ಯಾಸ್ಕೆಟ್ಟಿನ ಸೋರಿಕೆಗೆ ಕುಖ್ಯಾತ. ಎಷ್ಟೆಂದರೆ, ಕೆಲವು ವರ್ಷಗಳ ಮಾದರಿಗಳಿಗೆ ಕಂಪನಿಯೇ ಕೂಲೆಂಟಿಗೆ ಬೆರೆಸುವ ಒಂದು ದ್ರಾವಣ ಕೊಟ್ಟು, ಗ್ಯಾಸ್ಕೆಟ್ಟಿನ ವಾರಂಟಿಯನ್ನು ಎಂಟು ವರ್ಷಕ್ಕೆ ಹಿಗ್ಗಿಸಬೇಕಾಯಿತು.

ಕಾರಣ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ ಗ್ಯಾಸ್ಕೆಟ್. ಒಳಗಿನ ಬೆಂಕಿ, ಎಣ್ಣೆ, ನೀರು ಮೂರನ್ನೂ ಒಂದಕ್ಕೊಂದು ಸೇರದಂತೆ ತಡೆಯುವುದು ಅದರ ಕೆಲಸ. ಸಾಮಾನ್ಯ ಎಂಜಿನ್ನಿನಲ್ಲಿ ಅದು ಮೇಲೆ ಅಡ್ಡಲಾಗಿ ಮಲಗಿರುತ್ತದೆ, ಗಾಡಿ ನಿಂತಾಗ ಎಣ್ಣೆ ಕೆಳಗಿಳಿದು ಹೋಗುತ್ತದೆ. ಬಾಕ್ಸರಿನಲ್ಲಿ ಗ್ಯಾಸ್ಕೆಟ್ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ, ಅದರ ಕೆಳ ಅಂಚಿನಲ್ಲಿ ಎಣ್ಣೆಯೂ ಕೂಲೆಂಟೂ ನಿಂತೇ ಇರುತ್ತವೆ. ಜೊತೆಗೆ ಎರಡು ಬದಿಗೆ ಎರಡು ಹೆಡ್, ಎರಡು ಗ್ಯಾಸ್ಕೆಟ್.

ಈ ದೋಷವೇ ಸಾವಿರಾರು ಮಂದಿಗೆ ಪಾಠಶಾಲೆಯಾಯಿತು. ಕೆಟ್ಟ ಗ್ಯಾಸ್ಕೆಟ್ಟಿನ ಕಾರು ಅಗ್ಗಕ್ಕೆ ಸಿಗುತ್ತದೆ. ಧೈರ್ಯ ಮಾಡಿದವರು ರೇಡಿಯೇಟರ್ ತೆಗೆದು, ಕೆಳಗಿನ ಎರಡು ಮೌಂಟಿನ ನಟ್ಟು, ಗೇರ್‌ಬಾಕ್ಸಿಗೆ ಹಿಡಿದಿರುವ ನಾಲ್ಕು ಬೋಲ್ಟು–ನಟ್ಟು ಬಿಚ್ಚಿ, ಬಾಡಿಗೆಗೆ ತಂದ ಹಾಯ್ಸ್ಟಿನಿಂದ ಎಂಜಿನ್ನನ್ನೇ ಮೇಲೆತ್ತಿಬಿಡುತ್ತಾರೆ. ಒಳಗೇ ಕೈಹಾಕಿ ಒದ್ದಾಡುವುದಕ್ಕಿಂತ ಅದೇ ಸುಲಭ. ಹೆಡ್ಡನ್ನು ಲೇತಿನವರಿಗೆ ಕೊಟ್ಟು ಮಟ್ಟ ಮಾಡಿಸುತ್ತಾರೆ. ಕಂಪನಿಯ ಹಳೆಯ ಗ್ಯಾಸ್ಕೆಟ್ ಬದಲು ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ ಹಾಕುತ್ತಾರೆ. ಟರ್ಬೊ ಎಂಜಿನ್ನಿಗೆಂದು ಮಾಡಿದ್ದು ಇದಕ್ಕೂ ಕೂರುತ್ತದೆ ಎಂದು ಕಂಡುಕೊಂಡು ಹಬ್ಬಿಸಿದವರು ಬಳಸುವವರೇ. ಆಮೇಲೆ ಬೋಲ್ಟು ಬಿಗಿಯುವ ವಿಧಿ. ಒಮ್ಮೆ ಬಿಗಿದು, ಅರ್ಧ ಸುತ್ತು ಸಡಿಲಿಸಿ, ಮತ್ತರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿದು, ಕೊನೆಗೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸಬೇಕು. ಕ್ರಮ ತಪ್ಪಿದರೆ ಎರಡು ದಿನದ ಶ್ರಮ ನೀರಿಗೆ. ಕೈಗೆ ಬಂದ ಮೇಲೆ ಇದು ಬಾಯಿಂದ ಬಾಯಿಗೆ ಹೋಗುವ ವಿದ್ಯೆ.

ಇನ್ನು ಮಾರ್ಪಾಡಿನ ಜಾಣ್ಮೆ. ಎಂಬತ್ತರ ದಶಕದ ಸುಬಾರುವಿನ ಹಿಟಾಚಿ ಕಾರ್ಬೊರೇಟರ್ ರಬ್ಬರ್ ನಳಿಗೆಗಳ ಕಾಡು. ಅದನ್ನು ಕಿತ್ತು ಸರಳವಾದ ವೆಬರ್ ಕೂರಿಸುವುದು ಬಲು ಹಳೆಯ ಪದ್ಧತಿ. ಆ ಕಾರುಗಳ ಚಕ್ರದ ನಾಲ್ಕು ಬೋಲ್ಟುಗಳು 140 ಮಿಲಿಮೀಟರ್ ವೃತ್ತದ ಮೇಲಿವೆ. ಈ ಅಳತೆಯ ಅಲಾಯ್ ಚಕ್ರ ಬೇಕೆಂದರೆ ಫ್ರಾನ್ಸಿನ ಪ್ಯೂಜೋ 505 ಕಾರಿನದು ಹೊಂದುತ್ತದೆ. ಇನ್ನೂ ಮುಂದೆ ಹೋದವರು ಒಂದು ಲೆಕ್ಕ ಹಿಡಿದರು. ಜಪಾನಿನ ಹಲವು ಪಿಕಪ್ಪುಗಳ ಆರು ಬೋಲ್ಟಿನ ವೃತ್ತ 139.7 ಮಿಲಿಮೀಟರ್. ಎದುರುಬದುರಿನ ಎರಡು ತೂತು ಹೊಂದಿಕೊಂಡರೆ ಹಬ್ಬಿನಲ್ಲಿ ಇನ್ನು ನಾಲ್ಕೇ ತೂತು ಕೊರೆದು ಟ್ರಕ್ಕಿನ ಚಕ್ರ ಹಾಕಬಹುದು. ಹಳೆಯ ದೇಹಕ್ಕೆ ಹೊಸ ಇಜೆ-22 ಎಂಜಿನ್ ಕೂರಿಸುವುದಂತೂ ಒಂದು ಪರಂಪರೆಯೇ. ಹಳೆ ಗೇರ್‌ಬಾಕ್ಸಿಗೆ ಹೊಸ ಎಂಜಿನ್ನಿನ ಬೋಲ್ಟು ಹೊಂದದ್ದರಿಂದ ನಡುವೆ ಅಡಾಪ್ಟರ್ ಪ್ಲೇಟು ಬೇಕು. ವೈರುಗಳ ಜಡೆಯನ್ನು ಬಿಡಿಸಿ, ಎಂಜಿನ್ನಿಗೆ ಬೇಕಾದಷ್ಟೇ ಎಳೆ ಉಳಿಸಿ ಉಳಿದದ್ದನ್ನು ಕತ್ತರಿಸಬೇಕು. ವಾರಗಟ್ಟಲೆ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಮಾಡುವ ಕೆಲಸವದು. ಇದೇ ಎಂಜಿನ್ನನ್ನು ಫೋಕ್ಸ್‌ವ್ಯಾಗನ್‌ನ ಹಳೆಯ ವ್ಯಾನುಗಳಿಗೆ ಕೂರಿಸುವವರೂ ಇದ್ದಾರೆ.

ನನಗೆ ತುಂಬ ಇಷ್ಟವಾದ ಮಾರ್ಪಾಡು ಮಾತ್ರ ಇನ್ನೊಂದು. ಹಗುರ, ಗಿಡ್ಡ, ನಡುಕ ಕಡಿಮೆ ಇರುವ ಆ ಇಎ-81 ಎಂಜಿನ್ನನ್ನು ಗುಜರಿಯಿಂದ ತಂದು, ಮನೆಯಲ್ಲಿ ಕಟ್ಟಿದ ಪುಟ್ಟ ವಿಮಾನಗಳಿಗೆ, ಗೈರೋಕಾಪ್ಟರುಗಳಿಗೆ ಹಾಕಿದವರಿದ್ದಾರೆ. ಎಂಜಿನ್ನಿನ ವೇಗವನ್ನು ಪ್ರೊಪೆಲ್ಲರಿಗೆ ತಕ್ಕಂತೆ ಇಳಿಸುವ ಬೆಲ್ಟೋ ಗೇರೋ ನಡುವೆ ಕೂಡಿಸಿ ಅವರು ಹಾರಿಸಿದರು. ವಿಮಾನ ಮಾಡಬಾರದೆಂದು ನೆಲಕ್ಕಿಳಿಸಲ್ಪಟ್ಟ ಕಂಪನಿಯ ವಂಶದ ಯಂತ್ರವನ್ನು ಮತ್ತೆ ಆಕಾಶಕ್ಕೆ ಏರಿಸಿದವರು ಹೆಸರಿಲ್ಲದ ಹವ್ಯಾಸಿಗಳು.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮರೆಸಿ ಬರೆದರೆ ಚರಿತ್ರೆಯಾಗದು. 1992ರಲ್ಲಿ ಬಂದ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್, 1995ರಲ್ಲಿ ಕಾಲಿನ್ ಮೆಕ್ರೇ ಗೆದ್ದ ವಿಶ್ವ ರ‍್ಯಾಲಿ ಪ್ರಶಸ್ತಿ, 1995ರಿಂದ ಸತತ ಮೂರು ವರ್ಷದ ತಯಾರಕರ ಪ್ರಶಸ್ತಿ, ಇವುಗಳಿಂದ ಮನೆ ಗ್ಯಾರೇಜಿನ ಆಸೆಯ ದಿಕ್ಕು ಬದಲಾಯಿತು. ಬದುಕಿಸಿಟ್ಟುಕೊಳ್ಳುವುದರ ಜಾಗದಲ್ಲಿ ವೇಗ ಬಂತು. ಟರ್ಬೊದ ಒತ್ತಡ ಏರಿಸಿ ಪಿಸ್ಟನ್ ಒಡೆದುಕೊಂಡವರು, ಸೈಲೆನ್ಸರ್ ಕಿತ್ತು ಬೀದಿಯ ನಿದ್ದೆ ಕೆಡಿಸಿದವರು ಹುಟ್ಟಿದರು. ಹೊಗೆ ಶುದ್ಧಮಾಡುವ ಸಾಧನ ಕೀಳುವುದನ್ನು ಅಮೆರಿಕ 1990ರಲ್ಲಿ ಕಾರಿನ ಮಾಲೀಕರಿಗೂ ಸೇರಿ ಎಲ್ಲರಿಗೂ ನಿಷೇಧಿಸಿದ್ದು ಸುಮ್ಮನೆ ಅಲ್ಲ. ನಾನು ಮೇಲೆ ಮೆಚ್ಚಿ ಹೇಳಿದ ಆರು ತೂತಿನ ಹಬ್ಬು ಕೂಡ ಕೊರೆದವನ ಕೈ ಒಂದಿಷ್ಟು ಜಾರಿದ್ದರೆ ಹೆದ್ದಾರಿಯಲ್ಲಿ ಕಳಚುವ ಚಕ್ರವೇ. ಸ್ವಂತ ಯಂತ್ರದ ಮೇಲಿನ ಹಕ್ಕು ಮತ್ತು ರಸ್ತೆಯಲ್ಲಿರುವ ಬೇರೆಯವರ ಜೀವ, ಇವೆರಡನ್ನೂ ತೂಗುವುದು ಸಮಾಜದ ಕೆಲಸವೇ ಸರಿ.

ಆದರೆ ಈಗ ಬೀಳುತ್ತಿರುವ ಬೀಗ ಬೇರೆ ಬಗೆಯದು. ಅದರಲ್ಲಿ ತೂಗುವ ಮಾತೇ ಇಲ್ಲ. ಹೊಸ ಕಾರು ತನ್ನ ಆರೋಗ್ಯದ ಮಾಹಿತಿಯನ್ನು ನಿಸ್ತಂತುವಾಗಿ ತಯಾರಕರಿಗೆ ಕಳಿಸುತ್ತದೆ. ಅದನ್ನು ಓದುವ ಹಕ್ಕು ಮಾಲೀಕರಿಗೂ ಅವರಿಷ್ಟದ ಮೆಕ್ಯಾನಿಕ್ಕಿಗೂ ಬೇಕೆಂದು ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2020ರಲ್ಲಿ ಭಾರೀ ಬಹುಮತದಿಂದ ತೀರ್ಮಾನಿಸಿದರು. 2012ರಲ್ಲಿ ಇಂಥದೇ ಇನ್ನೊಂದು ಕಾನೂನಿಗೆ ಶೇ. 80ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಕೊಟ್ಟಿದ್ದರು. ಕಾರು ಕಂಪನಿಗಳ ಒಕ್ಕೂಟ ನ್ಯಾಯಾಲಯಕ್ಕೆ ಹೋಯಿತು. ಸುಬಾರು 2022ರ ಮಾದರಿಯಿಂದ ಆ ರಾಜ್ಯದ ಗ್ರಾಹಕರಿಗೆ ಆ ಸೌಲಭ್ಯವನ್ನೇ ಸ್ಥಗಿತಗೊಳಿಸಿತು. ಹಂಚಿಕೊಳ್ಳಬೇಕಾಗಿ ಬಂದರೆ ಕೊಡುವುದೇ ಇಲ್ಲ ಎಂಬಂತಾಯಿತು ಅದರ ಫಲ. ತನ್ನ ಮೊದಲ ನಾಲ್ಕು ಚಕ್ರ ಶಕ್ತಿಯ ವ್ಯಾನನ್ನು ಮಾರಾಟ ಮಳಿಗೆಯ ಮೆಕ್ಯಾನಿಕ್ಕುಗಳ ಕೈಯಿಂದ ಪಡೆದ ಕಂಪನಿ ಇದು.

ನಮಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಇದೆ. ಜನರಲ್ ಮೋಟಾರ್ಸ್ ಕೆಲವು ವರ್ಷ ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನ ಐದನೇ ಒಂದು ಪಾಲು ಹಿಡಿದಿತ್ತು. ಆ ನಂಟಿನಿಂದ 2000ರ ದಶಕದಲ್ಲಿ ಸುಬಾರು ಫಾರೆಸ್ಟರ್ ಭಾರತದಲ್ಲಿ ಷೆವರ್ಲೆ ಫಾರೆಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಮೂತಿಯ ಮೇಲೆ ಕೃತ್ತಿಕೆಯ ಬದಲು ಷೆವರ್ಲೆಯ ಗುರುತು, ಒಳಗೆ ಅದೇ ಮಲಗಿದ ಬಾಕ್ಸರ್. 2005ರಲ್ಲಿ ಜನರಲ್ ಮೋಟಾರ್ಸ್ ಪಾಲು ಮಾರಿತು, 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಉಳಿದ ಆ ಕೆಲವೇ ಕಾರುಗಳು ತವರೂ ಇಲ್ಲದ, ಗಂಡನ ಮನೆಯೂ ಇಲ್ಲದ ಹೆಣ್ಣುಮಕ್ಕಳಂತಾದವು. ಅಂಥ ಕಾರಿಗೆ ಆಸರೆ ಯಾವ ಶೋರೂಮೂ ಅಲ್ಲ. ವಿದೇಶದಿಂದ ಗ್ಯಾಸ್ಕೆಟ್ ತರಿಸಿಕೊಳ್ಳಬಲ್ಲ ಮಾಲೀಕ, ಹಿಂದೆಂದೂ ನೋಡದ ಎಂಜಿನ್ನಿಗೆ ಕೈಹಾಕಬಲ್ಲ ಮೆಕ್ಯಾನಿಕ್ ಇಬ್ಬರೇ.

ಬಿಡಿಭಾಗ ಮತ್ತು ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಂದ ಮುಚ್ಚಿಟ್ಟದ್ದಕ್ಕಾಗಿ ನಮ್ಮ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತ್ತು. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ಕಾರುಗಳನ್ನೂ ಅದರೊಳಗೆ ಸೇರಿಸಿತು. ಇನ್ನೊಂದೆಡೆ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸರಿಮಾಡಬಹುದು, ಬದಲಿಸಬಾರದು ಎಂಬುದು ಇವೆಲ್ಲದರ ಒಟ್ಟು ಸಾರ. ಆದರೆ ಮಿಯಾಗಿಯ ಮೆಕ್ಯಾನಿಕ್ಕುಗಳು ಮಾಡಿದ್ದು ಇವೆರಡರಲ್ಲಿ ಯಾವುದು? ಟರ್ಬೊದ ಗ್ಯಾಸ್ಕೆಟ್ಟನ್ನು ಸಾದಾ ಎಂಜಿನ್ನಿಗೆ ಹಾಕಿದ್ದು ಯಾವುದು? ಗೆರೆ ಎಳೆಯುವುದು ಅಷ್ಟು ಸುಲಭವಲ್ಲ. ಮೂವತ್ತು ವರ್ಷದ ಯಂತ್ರವನ್ನು ಸರಿಮಾಡಬೇಕೆಂದರೆ ಅದನ್ನು ಒಂದಿಷ್ಟು ಬದಲಿಸಲೇಬೇಕಾಗುತ್ತದೆ, ಏಕೆಂದರೆ ಅದರ ಮೂಲ ಭಾಗ ಆಗಲೇ ಎಲ್ಲೂ ಸಿಗುವುದಿಲ್ಲ.

ಇತಿಹಾಸಕಾರ ಡೇವಿಡ್ ಎಡ್ಜರ್ಟನ್ 2006ರಲ್ಲಿ ಪ್ರಕಟವಾದ ತಮ್ಮ ‘ದಿ ಶಾಕ್ ಆಫ್ ದಿ ಓಲ್ಡ್’ ಪುಸ್ತಕದಲ್ಲಿ, ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರದಿಂದಲ್ಲ, ಬಳಕೆಯಿಂದ ಮತ್ತು ನಿರ್ವಹಣೆಯಿಂದ ಬರೆಯಬೇಕೆಂದು ವಾದಿಸಿದರು. ನನ್ನಂಥವರು ಅದನ್ನು ಒಪ್ಪಿ ಹೊರಟಾಗ ಎದುರಾಗುವ ಕಷ್ಟ ದಾಖಲೆಯದು. ಮೊಮೊಸೆಯ ಹೆಸರಿದೆ, ಕಿಟಾ ಹೆಸರಿದೆ, ಮೆಕ್ರೇ ಹೆಸರಿದೆ. ಬ್ಲೂಬರ್ಡಿನ ಡಿಫರೆನ್ಷಿಯಲ್ ಕೂಡಿಸಿದ ಕೈಗಳನ್ನು ಓದುಗರಲ್ಲಿ ಎಷ್ಟು ಮಂದಿ ಹೆಸರಿನಿಂದ ಬಲ್ಲರು? ಕಂಪನಿಯ ಪತ್ರಾಗಾರದಲ್ಲಿ ಕಾರು ಕಾರ್ಖಾನೆಯ ಗೇಟು ದಾಟಿದ ದಿನಕ್ಕೆ ಕಡತ ಮುಗಿಯುತ್ತದೆ. ಕಾರಿನ ಬದುಕು ಶುರುವಾಗುವುದೇ ಅಲ್ಲಿಂದ.

ಅದರ ದಾಖಲೆ ಬೇರೆಡೆ ಇದೆ. ಚಾಸಿಯ ಅಡಿಯ ವೆಲ್ಡಿಂಗಿನ ಗೆರೆಯಲ್ಲಿ, ಹೆಚ್ಚುವರಿ ತೂತಿನ ಹಬ್ಬಿನಲ್ಲಿ, ಗ್ರೀಸು ಮೆತ್ತಿದ ಪುಟದಲ್ಲಿ. ತಂತ್ರಾಂಶದ ಬೀಗ ಹಾಕಿದ ಯಂತ್ರ ಇಂಥ ಗುರುತುಗಳನ್ನು ಉಳಿಸುವುದಿಲ್ಲ. ಕೆಟ್ಟಾಗ ಅದನ್ನು ಬಿಸಾಡಿ ಹೊಸದು ತರುತ್ತೇವೆ. ಇಂದಿನ ಕಾರುಗಳನ್ನು ಮುಂದೆ ಅಭ್ಯಾಸ ಮಾಡುವವರಿಗೆ ತಯಾರಕರ ಕಡತ ಬಿಟ್ಟರೆ ಓದಲು ಏನೂ ಉಳಿದಿರುವುದಿಲ್ಲ ಎಂಬುದು ನನ್ನ ಚಿಂತೆ. ಸದ್ಯಕ್ಕಂತೂ ಇಜೆ-22ರ ಕಾರುಗಳು ಇನ್ನೂ ಓಡುತ್ತಿವೆ. ಅವುಗಳ ಬೆಲ್ಟ್ ಬದಲಿಸುವವರನ್ನು, ಅವರಿಗೆ ಆ ಕೆಲಸ ಕಲಿಸಿದವರನ್ನು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಸಮಯವಿದೆ.